ಜುಲ್ಮಾನೆಯ ಮುಂದೇನು?

ಮದ್ಯಪಾನ ಮಾಡಿ ವಾಹನವನ್ನು ನಡೆಯಿಸಿದವನಿಗೆ ಶಿಕ್ಷೆಯಾಗಬೇಕೆಂಬ ವಿಷಯದಲ್ಲಿ ನಮ್ಮ ವಾಚಕರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಬೀದಿಯು ಎಲ್ಲರ ಸೊತ್ತು. ಊರುಗೋಲಿನೊಡನೆ ಅದನ್ನು ದಾಟುವ ಮುದುಕನಿಗೂ, ಪಾಠಶಾಲೆಯಿಂದ ಹಿಂದಿರುಗುವ ಮಗುವಿಗೂ ಅದರಲ್ಲಿರುವ ಹಕ್ಕು ಮೋಟಾರಿನ ಒಡೆಯನ ಹಕ್ಕಿಗಿಂತ ಗುಲಗಂಜಿಯಷ್ಟೂ ಕಡಿಮೆಯದಲ್ಲ. ಆ ಹಕ್ಕಿನ ರಕ್ಷಣೆಗೆಂದು ಪೋಲೀಸರು ರಾತ್ರಿಯೆಲ್ಲ ಚೌಕಗಳಲ್ಲಿ ನಿಂತು ಚಾಲಕರ ಉಸಿರನ್ನು ಪರೀಕ್ಷಿಸುತ್ತಿರುವುದು ಪ್ರಶಂಸನೀಯವೇ ಆಗಿದೆ. ಆದರೆ ಹೀಗೆ ಹಿಡಿಯಲ್ಪಟ್ಟು, ನ್ಯಾಯಾಲಯದಲ್ಲಿ ತಪ್ಪನ್ನೊಪ್ಪಿ, ಹಣವನ್ನು ತೆತ್ತು ಹೊರಬಂದ ಮನುಷ್ಯನು ಮುಂದಿನ ಶನಿವಾರ ರಾತ್ರಿ ಏನು ಮಾಡುವನೆಂಬ ಪ್ರಶ್ನೆಯನ್ನು ಸರಕಾರದವರಾಗಲಿ, ಸಾರ್ವಜನಿಕರಾಗಲಿ, ಪತ್ರಿಕೆಗಳವರಾದ ನಾವೇ ಆಗಲಿ ಇದುವರೆಗೆ ಸಾಕಷ್ಟು ಗಂಭೀರವಾಗಿ ಕೇಳಿದಂತೆ ಕಾಣುವುದಿಲ್ಲ. ಇಂದು ಆ ಪ್ರಶ್ನೆಯನ್ನೆತ್ತುವುದು ನಮ್ಮ ಉದ್ದೇಶ.

ಕಾಯಿದೆಯೇನೋ ಬಿಗಿಯಾಗಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಕಲಮಿನ ಮೇರೆಗೆ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದವನು ವಾಹನ ನಡೆಯಿಸುವುದು ಅಪರಾಧ. ಇಂಗ್ಲೆಂಡಿನಲ್ಲಿ ಈ ಮಿತಿಯು 80 ಮಿಲಿಗ್ರಾಮು ಎಂಬುದನ್ನು ನೆನೆದರೆ ನಮ್ಮ ಕಾಯಿದೆಯ ಕಟ್ಟುನಿಟ್ಟು ಅರಿವಾದೀತು. ಮೊದಲು 2,000 ರೂಪಾಯಿಗಳಿದ್ದ ಜುಲ್ಮಾನೆಯನ್ನು 2019ರ ತಿದ್ದುಪಡಿಯು 10,000 ರೂಪಾಯಿಗಳಿಗೇರಿಸಿತು. ಆರು ತಿಂಗಳವರೆಗಿನ ಸೆರೆವಾಸವನ್ನೂ ವಿಧಿಸಬಹುದು. ಎರಡನೆಯ ಸಲ ತಪ್ಪಿದರೆ 15,000 ರೂಪಾಯಿ, ಇಲ್ಲವೆ ಎರಡು ವರ್ಷದವರೆಗಿನ ಸೆರೆವಾಸ, ಅಥವಾ ಎರಡೂ. ಆದರೆ ನ್ಯಾಯಾಲಯದಲ್ಲಿ ನಡೆಯುವುದೇನು? ಬೆಳಿಗ್ಗೆ ಸಾಲುಗಟ್ಟಿ ನಿಂತವರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ, ಆಪಾದನೆಯನ್ನು ಓದುತ್ತಾರೆ, ಆತನು ತಲೆಯಾಡಿಸುತ್ತಾನೆ, ಹಣ ಕಟ್ಟಿ ರಸೀತಿ ಪಡೆದು ತನ್ನ ಗಾಡಿಯನ್ನು ಬಿಡಿಸಿಕೊಳ್ಳಲು ಠಾಣೆಯ ಕಡೆಗೆ ಹೊರಡುತ್ತಾನೆ. ನೀನು ಎಷ್ಟು ದಿನಗಳಿಂದ ಕುಡಿಯುತ್ತಿರುವೆ, ಏಕೆ ಕುಡಿದೆ, ಕುಡಿಯುವ ಮುನ್ನ ಮನೆಗೆ ಹೋಗುವ ಬಗೆಯನ್ನು ಯೋಚಿಸಿದ್ದೆಯೋ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಇನ್ನೂ ನೂರು ಮೊಕದ್ದಮೆಗಳಿರುವಾಗ ಅವರನ್ನು ದೂರುವುದು ನ್ಯಾಯವಲ್ಲ. ಉಳ್ಳವನಿಗೆ ಹತ್ತು ಸಾವಿರವೆಂದರೆ ಒಂದು ಸಂಜೆಯ ವೆಚ್ಚ. ಬಾಡಿಗೆಯ ಆಟೋ ಓಡಿಸುವವನಿಗಾದರೋ ಅದು ಮಕ್ಕಳ ಶಾಲೆಯ ಫೀಸು. ಇಬ್ಬರಿಗೂ ಅದು ಕಲಿಸುವ ಪಾಠ ಒಂದೇ: ಮುಂದಿನ ಸಲ ಪೋಲೀಸರು ನಿಲ್ಲದ ದಾರಿಯನ್ನು ಹಿಡಿಯಬೇಕು.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರೆಂದು ಕೇಂದ್ರ ಸಾರಿಗೆ ಇಲಾಖೆಯ ವರದಿಯು ತಿಳಿಸುತ್ತದೆ. ಇವುಗಳಲ್ಲಿ ಮದ್ಯದಿಂದಾದುವೆಂದು ಬರೆದುಕೊಂಡಿರುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಅಪಘಾತವಾದೊಡನೆ ಎಲ್ಲ ಚಾಲಕರ ರಕ್ತವನ್ನೂ ಪರೀಕ್ಷಿಸುವ ರೂಢಿಯೇ ಇಲ್ಲದ ದೇಶದಲ್ಲಿ ಈ ಅಲ್ಪಸಂಖ್ಯೆಯಿಂದ ಸಮಾಧಾನಪಟ್ಟುಕೊಳ್ಳಲು ನಾವು ಸಿದ್ಧರಿಲ್ಲ. ರೋಗದ ವಿಸ್ತಾರವನ್ನು ಮತ್ತೊಂದು ಲೆಕ್ಕ ಹೇಳುತ್ತದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅದಿಲ್ಲದೆ ಇರಲಾರದಷ್ಟು ಅದಕ್ಕೆ ಅಧೀನರಾದವರು 2.9 ಕೋಟಿಯಷ್ಟು. ಹೀಗೆ ಅಧೀನರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆಯುತ್ತಿದೆ. ಉಳಿದ 37 ಮಂದಿಯನ್ನು ಸರಕಾರವು ಎಲ್ಲಿ ಹುಡುಕಬೇಕು? ಅವರಲ್ಲಿ ಕೆಲವರು ತಾವಾಗಿಯೇ ಸರಕಾರದ ಕೈಗೆ ಸಿಕ್ಕಿ, ಕಟಕಟೆಯಲ್ಲಿ ನಿಂತು, ಹೆಸರು ವಿಳಾಸಗಳನ್ನು ಬರೆಯಿಸಿ ಹೋಗುತ್ತಿರುವರಲ್ಲ! ಬಂದ ರೋಗಿಯಿಂದ ಫೀಸು ವಸೂಲು ಮಾಡಿ, ನಾಡಿಯನ್ನೂ ಹಿಡಿಯದೆ ಹೊರಗಟ್ಟುವ ವೈದ್ಯನನ್ನು ನಾವು ಏನೆಂದು ಕರೆದೇವು?

ಪೋಲೀಸರಿಗೂ ಈ ಕೊರತೆಯು ತಿಳಿಯದೆ ಇಲ್ಲ. ಅದನ್ನು ತುಂಬಲು ಅಲ್ಲಲ್ಲಿ ಅವರು ತಮಗೆ ತೋಚಿದ ಉಪಾಯಗಳನ್ನು ಹೂಡಿದ್ದಾರೆ. 2023ರಲ್ಲಿ ಕೊಚ್ಚಿಯ ಬಳಿಯ ತೃಪ್ಪೂಣಿತ್ತುರದಲ್ಲಿ, ಕುಡಿದು ಬಸ್ಸು ನಡೆಯಿಸುತ್ತಿದ್ದ ಚಾಲಕರನ್ನು ಠಾಣೆಯ ನೆಲದಲ್ಲಿ ಕೂರಿಸಿ, ಇನ್ನು ಮುಂದೆ ಕುಡಿದು ವಾಹನ ನಡೆಯಿಸುವುದಿಲ್ಲವೆಂದು ಸಾವಿರ ಸಲ ಬರೆಯಿಸಿದರು. ಪತ್ರಿಕೆಗಳಲ್ಲಿ ಅವರ ಚಿತ್ರಗಳು ಬಂದುವು, ಓದಿದವರು ನಕ್ಕರು. ಬಾಲ್ಯದಲ್ಲಿ ಮೇಷ್ಟ್ರ ಕೈಯಲ್ಲಿ ಇಂತಹ ಶಿಕ್ಷೆಯನ್ನು ಅನುಭವಿಸಿದವರು ನಮ್ಮಲ್ಲಿ ಬಹುಮಂದಿ. ಬರೆದ ವಾಕ್ಯದ ಅರ್ಥವು ಇಪ್ಪತ್ತನೆಯ ಸಲಕ್ಕೆ ಮಾಯವಾಗಿ ಬರಿಯ ಕೈನೋವು ಉಳಿಯುವುದೆಂಬುದನ್ನು ಅವರೆಲ್ಲ ಬಲ್ಲರು. ಪೋಲೀಸರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ನಾಚಿಕೆಪಡಿಸುವುದರಿಂದ ಕುಡಿತ ಬಿಟ್ಟೀತೆಂಬ ನಂಬಿಕೆಯು ಪರೀಕ್ಷೆಯಲ್ಲಿ ನಿಂತಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಲಹೆಗಾರನು ಎದುರಿಗೆ ಕುಳಿತ ಕುಡುಕನನ್ನು ಎಷ್ಟು ಹೆಚ್ಚಾಗಿ ಖಂಡಿಸಿ ವಾದಿಸಿದನೋ, ಒಂದು ವರ್ಷದ ನಂತರ ಆತನು ಅಷ್ಟೇ ಹೆಚ್ಚಾಗಿ ಕುಡಿಯುತ್ತಿದ್ದುದು ಕಂಡುಬಂದಿತು. ಅದೇ ಪ್ರಾಂತದಲ್ಲಿ, ಶಿಕ್ಷಿತ ಚಾಲಕರನ್ನು ಸಭೆಯಲ್ಲಿ ಕೂರಿಸಿ ಅಪಘಾತಗಳಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ದುಃಖವನ್ನು ಕೇಳಿಸುವ ಕ್ರಮವನ್ನೂ ಪರೀಕ್ಷಿಸಿ ನೋಡಿದರು. ಕೇಳಿದವರ ಕಣ್ಣಲ್ಲಿ ನೀರು ಬಂದಿರಬಹುದು. ಪುನಃ ತಪ್ಪುವವರ ಸಂಖ್ಯೆ ಮಾತ್ರ ಅದರಿಂದ ಇಳಿಯಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಈಚೆಗೆ ನಮ್ಮ ಭಾಷೆಯಲ್ಲಿ ಆಪ್ತಸಲಹೆ ಎಂಬ ಮಾತು ಬಳಕೆಗೆ ಬಂದಿದೆ. ಅದನ್ನು ಕೇಳಿದೊಡನೆ ಅನೇಕರು ಹಿತೋಪದೇಶವೆಂದೇ ತಿಳಿಯುತ್ತಾರೆ. ಇವೆರಡಕ್ಕೂ ಬಹಳ ಅಂತರವುಂಟು. ಹಿತೋಪದೇಶದಲ್ಲಿ ಹೇಳುವವನು ಎತ್ತರದಲ್ಲಿರುತ್ತಾನೆ, ಕೇಳುವವನು ತಗ್ಗಿನಲ್ಲಿರುತ್ತಾನೆ. ಮಾತೆಲ್ಲ ಒಂದೇ ಕಡೆಯಿಂದ ಹರಿಯುತ್ತದೆ. ಮಿಲ್ಲರ್ ಅವರು 1983ರಲ್ಲಿ ಮೊದಲು ವಿವರಿಸಿ, ಮುಂದೆ ಸ್ಟೀಫನ್ ರೋಲ್ನಿಕ್ ಅವರೊಡನೆ ಬೆಳೆಯಿಸಿದ ವಿಧಾನದಲ್ಲಿ ಹೆಚ್ಚಾಗಿ ಮಾತಾಡುವವನು ತಪ್ಪು ಮಾಡಿದವನೇ. ಕುಡಿಯುವ ಪ್ರತಿಯೊಬ್ಬನಲ್ಲಿಯೂ ಬಿಡಬೇಕೆಂಬ ಮನಸ್ಸೂ, ಬಿಡಲಾರೆನೆಂಬ ಮನಸ್ಸೂ ಒಟ್ಟಿಗೇ ಇರುತ್ತವೆ. ಹೊರಗಿನವನು ಬಿಡು ಎಂದು ಒತ್ತಿದಂತೆಲ್ಲ ಆತನು ಬಿಡಲಾಗದ ಕಾರಣಗಳನ್ನು ಎಣಿಸತೊಡಗುತ್ತಾನೆ. ಎಣಿಸಿದ ಮೇಲೆ ತಾನೇ ಅವುಗಳನ್ನು ನಂಬುತ್ತಾನೆ. ಇದಕ್ಕೆ ಬದಲಾಗಿ ಬಿಡತಕ್ಕ ಕಾರಣಗಳು ಆತನ ಬಾಯಿಂದಲೇ ಹೊರಡುವಂತೆ ಪ್ರಶ್ನಿಸುವುದರಲ್ಲಿ ಈ ವಿದ್ಯೆಯ ಜಾಣ್ಮೆಯಿದೆ.

“ಕುಡಿದದ್ದು ತಪ್ಪೆಂದು ಒಪ್ಪಿಕೋ” ಎನ್ನುವುದು ಠಾಣೆಯ ಮಾತು. “ಆ ದಿನ ಸಂಜೆ ಗಾಡಿಯನ್ನು ತೆಗೆದುಕೊಂಡು ಹೊರಟಾಗ ಹಿಂದಿರುಗುವ ಬಗೆಯನ್ನು ಏನೆಂದು ಯೋಚಿಸಿದ್ದಿರಿ? ಮನೆಯಲ್ಲಿ ವಿಷಯ ತಿಳಿದಾಗ ಯಾರು ಏನೆಂದರು? ಲೈಸೆನ್ಸಿಲ್ಲದ ಈ ತಿಂಗಳುಗಳಲ್ಲಿ ನಿಮಗೆ ಯಾವುದು ಎಲ್ಲಕ್ಕಿಂತ ಹೆಚ್ಚು ಕಷ್ಟವಾಯಿತು?” ಎಂಬುದು ಸಲಹೆಗಾರನ ಮಾತು. ಒಂದರಲ್ಲಿ ಏಕವಚನ, ಮತ್ತೊಂದರಲ್ಲಿ ಬಹುವಚನ ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮ ದೇಶದಲ್ಲಿ ಬಡ ಚಾಲಕನನ್ನು ‘ನೀವು’ ಎಂದು ಸಂಬೋಧಿಸುವ ಅಧಿಕಾರಿಯನ್ನು ಹುಡುಕಿ ನೋಡಬೇಕಾಗಿದೆ. ಚಿಕಿತ್ಸೆಯು ಅಲ್ಲಿಂದಲೇ ಆರಂಭವಾದರೆ ತಪ್ಪೇನೂ ಇಲ್ಲ.

ಹೀಗೆ ಮಾತಾಡಿಸುತ್ತ ಹೋದರೆ ಕಟಕಟೆಯಲ್ಲಿ ಒಂದೇ ರೀತಿ ಕಂಡವರು ಬೇರೆ ಬೇರೆ ತರದವರೆಂದು ತಿಳಿದುಬರುತ್ತದೆ. ಒಬ್ಬನು ಸ್ನೇಹಿತನ ಮದುವೆಯಲ್ಲಿ ಬಲವಂತಕ್ಕೆ ಕುಡಿದು, ಸ್ಥಿಮಿತದಲ್ಲಿರುವೆನೆಂಬ ಭ್ರಮೆಯಿಂದ ಕಾರನ್ನೇರಿದವನು. ಇನ್ನೊಬ್ಬನು ಹಗಲಿರುಳು ಲಾರಿ ನಡೆಯಿಸಿ, ಮೈಕೈ ನೋವಿಗೆ ಔಷಧವೆಂದು ಢಾಬಾದಲ್ಲಿ ಕುಡಿದು ಮಲಗಿ, ನಸುಕಿನಲ್ಲಿ ಎದ್ದು ಹೊರಟವನು. ರಾತ್ರಿಯದೆಲ್ಲ ಇಳಿದುಹೋಯಿತೆಂಬುದು ಆತನ ಪ್ರಾಮಾಣಿಕವಾದ ನಂಬಿಕೆ. ರಕ್ತದಲ್ಲಿನ ಮದ್ಯಸಾರವು ಗಂಟೆಗೆ 15ರಿಂದ 20 ಮಿಲಿಗ್ರಾಮಿನಂತೆ ಮಾತ್ರ ಇಳಿಯುವುದೆಂದೂ, ನಡುರಾತ್ರಿಯಲ್ಲಿ 150 ಮಿಲಿಗ್ರಾಮಿದ್ದವನ ರಕ್ತದಲ್ಲಿ ಬೆಳಗಿನ ಆರು ಗಂಟೆಗೂ ಅದು ಕಾಯಿದೆಯ ಮಿತಿಯನ್ನು ಮೀರಿಯೇ ಇರುವ ಸಂಭವವಿದೆಯೆಂದೂ, ನಿಂಬೆಯ ಪಾನಕವಾಗಲಿ ಮಜ್ಜಿಗೆಯಾಗಲಿ ಕಾಫಿಯಾಗಲಿ ಅದನ್ನು ಎಳ್ಳಷ್ಟೂ ಬೇಗ ಇಳಿಸಲಾರದೆಂದೂ ಆತನಿಗೆ ಯಾರೂ ಹೇಳಿಲ್ಲ. ಇವರಿಬ್ಬರಿಗೂ ತಿಳಿವಳಿಕೆ ಮತ್ತು ಮುಂಜಾಗ್ರತೆ ಸಾಕಾಗಬಹುದು: ಕುಡಿಯುವ ದಿನ ಗಾಡಿಯನ್ನು ಮನೆಯಲ್ಲಿಯೇ ಬಿಡುವುದು, ಬೀಗದ ಕೈಯನ್ನು ಮೊದಲೇ ಇನ್ನೊಬ್ಬರ ವಶಕ್ಕೆ ಕೊಡುವುದು, ಹಿಂದಿರುಗುವ ಬಾಡಿಗೆ ಹಣವನ್ನು ತೆಗೆದಿರಿಸುವುದು. ಇಂತಹ ಸಣ್ಣ ಏರ್ಪಾಟುಗಳನ್ನು ಆತನೇ ಯೋಚಿಸಿ ಹೇಳಿದರೆ ನಡೆದಾವು.

ಮೂರನೆಯವನ ಸ್ಥಿತಿ ಬೇರೆ. ಬೆಳಿಗ್ಗೆ ಕುಡಿಯದಿದ್ದರೆ ಆತನ ಕೈ ನಡುಗುತ್ತದೆ. ಆತನಿಗೆ ಪ್ರಶ್ನೆಯೂ ಸಾಲದು, ಪ್ರತಿಜ್ಞೆಯೂ ಸಾಲದು, ವೈದ್ಯನು ಬೇಕು. ದೀರ್ಘಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ಬಿಟ್ಟರೆ ಸೆಳವು ಬಂದು, ಬುದ್ಧಿಭ್ರಮಣೆಯಾಗಿ, ಪ್ರಾಣಕ್ಕೇ ಅಪಾಯವಾಗುವ ಸಂದರ್ಭಗಳುಂಟು. ಇಂತಹವನನ್ನು ಹದಿನೈದು ದಿನ ಸೆರೆಮನೆಗೆ ತಳ್ಳಿ ಬುದ್ಧಿ ಕಲಿಸಿದೆವೆಂದು ಭಾವಿಸುವುದು ಅಜ್ಞಾನ. ಮೂವರನ್ನೂ ಬೇರ್ಪಡಿಸುವುದೇನೂ ಅಸಾಧ್ಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ರಚಿಸಿದ ಹತ್ತು ಪ್ರಶ್ನೆಗಳ ಪಟ್ಟಿಯೊಂದು ಹಲವು ದಶಕಗಳಿಂದ ಬಳಕೆಯಲ್ಲಿದೆ. ಒಟ್ಟು 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದವನ ಕುಡಿತವು ಅಪಾಯಕರವೆಂದೂ, 20 ಅಥವಾ ಹೆಚ್ಚು ಬಂದವನು ಬಹುಶಃ ಅಧೀನನೆಂದೂ ತಿಳಿಯಬಹುದು. ಆದರೆ ಇಲ್ಲಿ ಒಂದು ತೊಡಕುಂಟು. ಲೈಸೆನ್ಸಿಗಾಗಿ ಕಾದಿರುವವನು ನಿಜವನ್ನೇ ಹೇಳುವನೆಂದು ಹೇಗೆ ನಂಬುವುದು? ಸಲಹೆಗಾರನ ಬಾಯಿಗೆ ಬೀಗವಿರುವುದೇ ಇದಕ್ಕೆ ನಮಗೆ ತೋರುವ ಪರಿಹಾರ. ಇಂತಹವನು ಇಷ್ಟು ಸಲ ಬಂದನು, ಇಷ್ಟು ಹೊತ್ತು ಕುಳಿತನು ಎಂಬುದನ್ನು ಮಾತ್ರ ಆತನು ಅಧಿಕಾರಿಗಳಿಗೆ ತಿಳಿಸಬೇಕು. ಒಳಗೆ ಆಡಿದ ಮಾತು ಒಳಗೇ ಉಳಿಯಬೇಕು. ಪೋಲೀಸು ಸಮವಸ್ತ್ರದಲ್ಲಿರುವವರು ಈ ಕೆಲಸಕ್ಕೆ ಕೂಡದೆಂದು ನಾವು ಹೇಳುವುದು ಈ ಕಾರಣದಿಂದಲೇ ಹೊರತು ಅವರ ಮೇಲಣ ಅಗೌರವದಿಂದಲ್ಲ.

ಇದರಿಂದ ಎಷ್ಟು ಫಲವಾದೀತು? ಉತ್ಪ್ರೇಕ್ಷೆ ಮಾಡಲು ನಮಗೆ ಇಷ್ಟವಿಲ್ಲ. ಶಿಕ್ಷಿತ ಚಾಲಕರ ಸುಧಾರಣೆಗಾಗಿ ನಡೆದ 215 ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ಒಂದು ಅಧ್ಯಯನವು 1995ರಲ್ಲಿ ಪ್ರಕಟವಾಯಿತು. ಇಂತಹ ಉಪಚಾರವನ್ನು ಪಡೆದವರಲ್ಲಿ ಪುನಃ ತಪ್ಪುವುದು ಸರಾಸರಿ ನೂರಕ್ಕೆ ಎಂಟು ಒಂಬತ್ತು ಪಾಲು ಕಡಿಮೆಯಾಗಿತ್ತೆಂದು ಅದು ತೋರಿಸಿತು. ಇದು ಪವಾಡವಲ್ಲ. ಆದರೆ ಸರಾಸರಿಯ ಒಳಗೆ ನೋಡಿದರೆ, ತಿಳಿವಳಿಕೆ, ಆಪ್ತಸಲಹೆ ಮತ್ತು ಅನಂತರದ ತಿಂಗಳುಗಳಲ್ಲಿ ಬಿಡದೆ ವಿಚಾರಿಸುವ ಏರ್ಪಾಟು, ಈ ಮೂರೂ ಕೂಡಿದ್ದ ಕಡೆ ಬೇರೆ ಕಡೆಗಳಿಗಿಂತ ಹೆಚ್ಚು ಫಲ ಕಂಡಿತು. ಲೈಸೆನ್ಸಿನ ಅಮಾನತು ಮಾಡುವ ಕೆಲಸ ಬೇರೆ, ಸಲಹೆ ಮಾಡುವ ಕೆಲಸ ಬೇರೆ ಎಂಬುದನ್ನೂ ಆ ಅಧ್ಯಯನವು ತೋರಿಸಿತು. ಅಮಾನತಿನಿಂದ ಇತರ ಬಗೆಯ ಅಪಘಾತಗಳೂ ಇಳಿಯುತ್ತವೆ. ಸಲಹೆಯಿಂದ ಕುಡಿತಕ್ಕೆ ಸಂಬಂಧಿಸಿದುವು ಮಾತ್ರ ಇಳಿಯುತ್ತವೆ. ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಪ್ರಶ್ನೆಯೇ ಏಳುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಪುನಃ ಪುನಃ ಶಿಕ್ಷೆಗೊಳಗಾದ ಚಾಲಕರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೇಲೆ ಹೇಳಿದ ಬಗೆಯ ಅರ್ಧ ಗಂಟೆಯ ಸಂಭಾಷಣೆಯೊಂದನ್ನು ಪಡೆದವರಲ್ಲಿ, ಬರಿಯ ತಿಳಿವಳಿಕೆಯನ್ನು ಪಡೆದವರಿಗಿಂತ, ಮಿತಿಮೀರಿ ಕುಡಿಯುವ ದಿನಗಳು ವರ್ಷದ ನಂತರ ಹೆಚ್ಚು ಇಳಿದಿದ್ದುವು. ಬ್ರಿಟನ್ನಿನವರು 1993ರಲ್ಲಿ ಪ್ರಯೋಗಾರ್ಥವಾಗಿ ತೊಡಗಿ 2000ದಲ್ಲಿ ಸ್ಥಿರಪಡಿಸಿದ ಕ್ರಮವು ಬಹಳ ವ್ಯವಹಾರಜ್ಞಾನದ್ದು. ಒಂದು ವರ್ಷ ಅಥವಾ ಹೆಚ್ಚು ಕಾಲ ಲೈಸೆನ್ಸು ಕಳೆದುಕೊಂಡವನಿಗೆ ನ್ಯಾಯಾಲಯವು 16 ಗಂಟೆಗಳ ಒಂದು ಶಿಕ್ಷಣಕ್ರಮವನ್ನು ಸೂಚಿಸುತ್ತದೆ. ಆತನು ಸ್ವಂತ ಖರ್ಚಿನಿಂದ ಅದನ್ನು ಮುಗಿಸಿದರೆ ಅಮಾನತಿನ ಅವಧಿಯಲ್ಲಿ ಕಾಲುಭಾಗದವರೆಗೆ ಇಳಿಸುತ್ತಾರೆ.

ನಮ್ಮ ದೇಶದಲ್ಲಿ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟವರು ಹೈದರಾಬಾದಿನವರು. ಅಲ್ಲಿಯ ಸಂಚಾರ ಪೋಲೀಸರು ಸಿಕ್ಕಿಬಿದ್ದವರನ್ನು ನ್ಯಾಯಾಲಯಕ್ಕೆ ಕಳುಹಿಸುವ ಮುನ್ನ ಗೋಷಾಮಹಲಿನ ಮತ್ತು ಬೇಗಂಪೇಟೆಯ ಸಂಚಾರ ಶಿಕ್ಷಣ ಸಂಸ್ಥೆಗಳಿಗೆ ಕರೆಸಿ, ತಂದೆತಾಯಿಗಳನ್ನೋ ಹೆಂಡತಿಯನ್ನೋ ಜೊತೆಯಲ್ಲಿ ಕೂರಿಸಿ ತಿಳಿಯ ಹೇಳುವ ಪದ್ಧತಿಯನ್ನು ತಂದರು. ಮನೆಯವರನ್ನು ಕರೆಯಿಸಿದುದು ನಮ್ಮ ಸಮಾಜದ ಮರ್ಮವನ್ನು ಅರಿತವರ ಕೆಲಸ. ನಮ್ಮಲ್ಲಿ ಮನುಷ್ಯನು ಒಂಟಿಯಾಗಿ ಕುಡಿದರೂ ಅದರ ಫಲವನ್ನು ಒಂಟಿಯಾಗಿ ಉಣ್ಣುವುದಿಲ್ಲ. ಆದರೆ ದೊಡ್ಡ ಕೊಠಡಿಯಲ್ಲಿ ಒಮ್ಮೆ ಮಾಡುವ ಪಾಠದಿಂದ ಮೇಲೆ ಹೇಳಿದ ಮೂರನೆಯವನನ್ನು ಗುರುತಿಸಲಾಗುವುದಿಲ್ಲ. ಎಲ್ಲರ ಮುಂದೆ ಮಗನ ಕುಡಿತದ ಮಾತೆತ್ತಿದಾಗ ತಾಯಿಯಾದವಳು ಅದನ್ನು ಮುಚ್ಚಿಡಲು ಯತ್ನಿಸುವುದೂ ಸಹಜ.

ಇಷ್ಟೊಂದು ಸಲಹೆಗಾರರನ್ನು ಎಲ್ಲಿಂದ ತರುವುದೆಂದು ಅಧಿಕಾರಿವರ್ಗದವರು ಕೇಳುವುದು ನಿಶ್ಚಯ. ಉತ್ತರವು ನೆರೆಯ ಗೋವೆಯಲ್ಲಿದೆ. ಅಲ್ಲಿಯ ಪ್ರಾಥಮಿಕ ಆರೋಗ್ಯಕೇಂದ್ರಗಳಲ್ಲಿ ಅಪಾಯಕರವಾಗಿ ಕುಡಿಯುವ ಗಂಡಸರಿಗೆ, ಯಾವ ವೈದ್ಯ ಪದವಿಯೂ ಇಲ್ಲದೆ ತರಬೇತಿಯನ್ನಷ್ಟೇ ಪಡೆದ ಸ್ಥಳೀಯರಿಂದ, ತಲಾ ಅರ್ಧ ಮುಕ್ಕಾಲು ಗಂಟೆಯ ನಾಲ್ಕು ಭೇಟಿಗಳವರೆಗೆ ಸಲಹೆ ಕೊಡಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ನಂತರ ಈ ಸಲಹೆಯನ್ನು ಪಡೆದವರಲ್ಲಿ ನೂರಕ್ಕೆ 36 ಮಂದಿ ಅಪಾಯದಿಂದ ಪಾರಾಗಿದ್ದರು. ಮಾಮೂಲು ಉಪಚಾರವನ್ನು ಪಡೆದವರಲ್ಲಿ 26 ಮಂದಿ. ಅವರು ಆಸ್ಪತ್ರೆಗೆ ಬಂದ ರೋಗಿಗಳೇ ಹೊರತು ನ್ಯಾಯಾಲಯದಿಂದ ಬಂದ ಅಪರಾಧಿಗಳಲ್ಲವೆಂಬುದು ದಿಟ. ಆದರೂ ಸಾಮಾನ್ಯ ವಿದ್ಯಾವಂತನಿಗೆ ಈ ಕೆಲಸವನ್ನು ಕಲಿಸಬಹುದೆಂಬುದು ಅದರಿಂದ ಸಿದ್ಧವಾಯಿತು. ಕನ್ನಡನಾಡಿಗಾದರೋ ಇದು ಹೊಸ ವಿಷಯವೇ ಅಲ್ಲ. ಜಿಲ್ಲೆಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣವಿತ್ತು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳಿಗೆ ಒಯ್ಯುವ ಕ್ರಮವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ನಡೆಯಿಸಿ ತೋರಿಸಿದರು. 1996ರಲ್ಲಿ ಕೇಂದ್ರ ಸರಕಾರವು ಅದನ್ನು ಮಾದರಿಯಾಗಿಟ್ಟುಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಹೂಡಿತು. ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವುಳ್ಳ ಅಂತಹ ಸಂಸ್ಥೆಯು ರಾಜಧಾನಿಯಲ್ಲಿರಲು, ಅದೇ ನಗರದಲ್ಲಿ ಕುಡಿದು ಗಾಡಿ ನಡೆಯಿಸಿ ಸಿಕ್ಕಿದವರಿಗೆ ಅಲ್ಲಿಗೆ ದಾರಿ ತೋರಿಸುವವರಿಲ್ಲದಿರುವುದು ವಿಷಾದಕರ.

ಕಾಯಿದೆಯಲ್ಲಿಯೂ ಬಾಗಿಲು ತೆರೆದೇ ಇದೆ. ಪೋಲೀಸರು ವಶಪಡಿಸಿಕೊಂಡು ಕಳುಹಿಸಿದ ಲೈಸೆನ್ಸನ್ನು ಸಾರಿಗೆ ಅಧಿಕಾರಿಯು, ವಿಚಾರಣೆಯ ನಂತರ, ಮೊದಲ ತಪ್ಪಿಗೆ ಮೂರು ತಿಂಗಳು ತಡೆಹಿಡಿಯಬಹುದೆಂದೂ, ಪುನರ್ಮನನ ಚಾಲನಾ ಶಿಕ್ಷಣವನ್ನು ಮುಗಿಸಿದ ಹೊರತು ಅದನ್ನು ಹಿಂದಿರುಗಿಸಕೂಡದೆಂದೂ 2019ರ ತಿದ್ದುಪಡಿಯು ವಿಧಿಸಿದೆ. ಕುಡಿದವನಿಗೂ, ಅತಿವೇಗದಿಂದ ಹೋದವನಿಗೂ, ಶಿರಸ್ತ್ರಾಣ ಧರಿಸದವನಿಗೂ ಒಂದೇ ಪಾಠವೆಂದರೆ ಆ ವಿಧಿಯ ಉದ್ದೇಶವೇ ವ್ಯರ್ಥವಾಗುತ್ತದೆ. 185ನೆಯ ಕಲಮಿನವನಿಗೆ ಗೇರು ಬ್ರೇಕುಗಳ ಪಾಠದಿಂದ ಆಗಬೇಕಾದುದೇನೂ ಇಲ್ಲ. ಗಾಡಿ ನಡೆಯಿಸಲು ಆತನಿಗೆ ಚೆನ್ನಾಗಿಯೇ ಬರುತ್ತದೆ. ಪಠ್ಯವನ್ನು ನಿರ್ಣಯಿಸುವ ಅಧಿಕಾರವು ಕೇಂದ್ರ ಸರಕಾರದ್ದು. ಹತ್ತು ಪ್ರಶ್ನೆಗಳ ಪರೀಕ್ಷೆ, ಒಂದು ತಿಳಿವಳಿಕೆಯ ತರಗತಿ, ಏಕಾಂತದಲ್ಲಿ ನಾಲ್ಕು ಭೇಟಿಗಳು, ಅನಂತರ ವರ್ಷದವರೆಗೆ ಎರಡು ಮೂರು ತಿಂಗಳಿಗೊಮ್ಮೆ ವಿಚಾರಣೆ, ಇಷ್ಟನ್ನು ಅದರಲ್ಲಿ ಸೇರಿಸಬೇಕೆಂದು ರಾಜ್ಯ ಸರಕಾರವು ಒತ್ತಾಯಿಸಬೇಕು; ಆ ತನಕ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿಯಾದರೂ ಆರೋಗ್ಯ ಇಲಾಖೆಯ ಮೂಲಕ ಪ್ರಯೋಗಾರ್ಥವಾಗಿ ಇದನ್ನು ನಡೆಯಿಸಿ ನೋಡಬೇಕು.

ಹಣದ ಮಾತು ಬಂದಾಗ ಬೊಕ್ಕಸದವರು ಕೈಚೆಲ್ಲುವುದು ಮಾಮೂಲು. ಈ ವಿಷಯದಲ್ಲಿ ಮಾತ್ರ ಅವರಿಗೆ ಆ ಸ್ವಾತಂತ್ರ್ಯವಿಲ್ಲ. 2023-24ರಲ್ಲಿ ಕರ್ನಾಟಕದ ಅಬಕಾರಿ ಆದಾಯವು 30,000 ಕೋಟಿ ರೂಪಾಯಿಗಳನ್ನು ಮೀರಿತು. ಮದ್ಯ ಮಾರಾಟದಿಂದ ಒಂದು ಕೈಯಲ್ಲಿಯೂ, ಕುಡಿದವನ ಜುಲ್ಮಾನೆಯಿಂದ ಮತ್ತೊಂದು ಕೈಯಲ್ಲಿಯೂ ಹಣವನ್ನೆತ್ತುವ ಸರಕಾರವು ನಡುವೆ ನಿಂತ ಮನುಷ್ಯನಿಗಾಗಿ ಏನೂ ವೆಚ್ಚ ಮಾಡಲಾರೆನೆಂದರೆ ಅದನ್ನು ಕೇಳುವ ತಾಳ್ಮೆ ನಮಗಿಲ್ಲ. ವಸೂಲಾದ ಜುಲ್ಮಾನೆಯಲ್ಲಿ ನಾಲ್ಕನೆಯ ಒಂದು ಪಾಲನ್ನು ಇದಕ್ಕೆಂದು ಮೀಸಲಿಟ್ಟರೂ ಆರಂಭಕ್ಕೆ ಸಾಕು.

ಇದೆಲ್ಲವೂ ಬಿಟ್ಟು ಪಾನನಿರೋಧವನ್ನೇ ತರಬಾರದೇಕೆಂದು ಸಂವಿಧಾನದ 47ನೆಯ ಅನುಚ್ಛೇದವನ್ನು ತೋರಿಸುವ ಹಿರಿಯರು ನಮ್ಮ ವಾಚಕರಲ್ಲಿದ್ದಾರೆ. ಆ ಚರ್ಚೆಗೆ ಬೇರೊಂದು ದಿನ ಅವಕಾಶ ಮಾಡಿಕೊಳ್ಳುವೆವು. ಅದು ಬರುವ ತನಕ ಈ ರಾತ್ರಿ ರಸ್ತೆ ದಾಟುವವನ ಗತಿಯೇನೆಂಬುದು ನಮ್ಮ ಚಿಂತೆ. ಇನ್ನು ಕೆಲವರು ಇದನ್ನು ಅಪರಾಧಿಯ ಮೇಲಣ ಮೃದುತ್ವವೆಂದು ಭಾವಿಸಬಹುದು. ಕುಡಿದು ಒಂದು ಜೀವವನ್ನು ಬಲಿಗೊಂಡವನಿಗೆ ದಯೆ ತೋರಿರೆಂದು ನಾವು ಕೇಳುತ್ತಿಲ್ಲ. ಅಜಾಗರೂಕ ಚಾಲನೆಯಿಂದ ಮರಣವುಂಟುಮಾಡಿದವನಿಗೆ ಪರಿವೀಕ್ಷಣೆಯ ಕಾಯಿದೆಯ ಸೌಲಭ್ಯವು ಸಲ್ಲದೆಂದು ಸುಪ್ರೀಂ ಕೋರ್ಟು 2000ದಲ್ಲಿ, ದಲ್ಬೀರ್ ಸಿಂಗನ ಮೊಕದ್ದಮೆಯಲ್ಲಿ, ಅಭಿಪ್ರಾಯಪಟ್ಟಿರುವುದು ಯುಕ್ತವೇ ಆಗಿದೆ. ನಾವು ಹೇಳುತ್ತಿರುವುದು ಇನ್ನೂ ಯಾರನ್ನೂ ಕೊಲ್ಲದವನ ವಿಷಯ. ಆತನಿಗೆ ಜುಲ್ಮಾನೆಯೂ ಇರಲಿ, ಅಮಾನತೂ ಇರಲಿ; ಅವುಗಳ ಜೊತೆಗೆ ಇದೂ ಇರಲಿ. ಹತ್ತು ಸಾವಿರ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ನಾಲ್ಕು ಸಲ ಇನ್ನೊಬ್ಬನೆದುರು ಕುಳಿತು ತನ್ನ ಬಾಳಿನ ಲೆಕ್ಕವನ್ನು ತಾನೇ ಒಪ್ಪಿಸುವುದು ಸುಲಭವೆಂದು ಭಾವಿಸುವವರು ಅದನ್ನು ಒಮ್ಮೆ ಮಾಡಿ ನೋಡಲಿ.

ಏರ್ಪಾಟು ಮಾಡುವವರಿಗೆ ಒಂದೆರಡು ಸಣ್ಣ ಸೂಚನೆಗಳುಂಟು. ಭೇಟಿಗಳನ್ನು ಕಚೇರಿಯ ವೇಳೆಯಲ್ಲಿ ಇಟ್ಟರೆ ದಿನಗೂಲಿಯ ಚಾಲಕನು ಸಂಬಳ ಕಳೆದುಕೊಳ್ಳುತ್ತಾನೆ. ಎರಡನೆಯ ಭೇಟಿಗೆ ಬರುವುದೇ ಇಲ್ಲ. ಭಾನುವಾರಗಳಲ್ಲಿಯೂ, ಸಂಜೆ ಆರರ ಮೇಲೆಯೂ ಬಾಗಿಲು ತೆರೆದಿರಬೇಕು. ಸ್ಥಳವು ನ್ಯಾಯಾಲಯದ ಆವರಣದಲ್ಲಿರದೆ, ಜಿಲ್ಲಾಸ್ಪತ್ರೆಯಲ್ಲೋ, ಬಸ್ಸು ನಿಲ್ದಾಣಕ್ಕೆ ಸಮೀಪವಾದ ಸರಕಾರಿ ಕಟ್ಟಡದಲ್ಲೋ ಇರಬೇಕು. ಬರತಕ್ಕವನ ಬಳಿ ಲೈಸೆನ್ಸಿರುವುದಿಲ್ಲವೆಂಬುದನ್ನೂ, ಆತನು ನಡೆದೋ ಬಸ್ಸಿನಲ್ಲೋ ಬರಬೇಕೆಂಬುದನ್ನೂ ಸ್ಥಳವನ್ನು ಗೊತ್ತುಮಾಡುವ ಅಧಿಕಾರಿಗಳು ಮರೆಯದಿರಲಿ.